ಮೂರು ಕಡೆಯಿಂದ ಖಚಿತವಾದ ಸುದ್ದಿ

ಮೂವತ್ತನಾಲ್ಕು ವರ್ಷ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸಿದವನು ನಾನು. ನಾನು ಸೇವೆಯಲ್ಲಿರುವವರೆಗೆ ಜಗತ್ತು ತಕ್ಕಮಟ್ಟಿಗೆ ಶಿಸ್ತಿನಿಂದಲೇ ಇತ್ತು. ನಿವೃತ್ತನಾದದ್ದೇ ತಡ, ಮಾಸ್ತರಿಲ್ಲದ ಕ್ಲಾಸಿನಂತಾಗಿ ಹೋಯಿತು. ಅಲ್ಲೊಂದು ಯುದ್ಧ, ಇಲ್ಲೊಂದು ಸುಂಕ, ನಡುವೆ ಮನುಷ್ಯನಿಗಿಂತ ಚೆನ್ನಾಗಿ ಅರ್ಜಿ ಬರೆಯುವ ಯಂತ್ರ! ಇದನ್ನೆಲ್ಲ ಅರ್ಥ ಮಾಡಿಕೊಂಡು ರಾಣೇಬೆನ್ನೂರಿನ ಮಹಾಜನತೆಗೆ ತಿಳಿಸಿ ಹೇಳುವ ಹೊಣೆಯನ್ನು ಯಾರೂ ವಹಿಸದಿದ್ದರೂ ನಾನೇ ವಹಿಸಿಕೊಂಡಿದ್ದೆ. ಬೆಳಗಿನ ವಾಕಿಂಗ್ ಗೆಳೆಯರಿಗೆ ಒಂದು ತಾಸು, ಕಟಿಂಗ್ ಅಂಗಡಿಯಲ್ಲಿ ಅರ್ಧ ತಾಸು, ಉಳಿದದ್ದು ವಾಟ್ಸಾಪಿನಲ್ಲಿ.

ನನ್ನ ಹೆಂಡತಿ ಶಾರದಾ ಮಾತ್ರ ಈ ಸೇವೆಯ ಫಲಾನುಭವಿಯಾಗಲು ಒಪ್ಪಲಿಲ್ಲ. "ಜಗತ್ತು ತನ್ನಷ್ಟಕ್ಕ ತಾ ನಡೀತೈತಿ. ನೀವು ಹಾಲಿನ ಪಾಕೀಟ ತಗೊಂಡ ಬರ್ರಿ," ಎನ್ನುತ್ತಾಳೆ.

ಅವಳಿಗೆ ಅವಳದೇ ಜಗತ್ತಿತ್ತು. ಗುತ್ತಲ ರಸ್ತೆಯಲ್ಲಿರುವ ನಮ್ಮ ಹೊಲದಲ್ಲಿ ಬಲೆ ಹೊದಿಸಿದ ನೆಟ್ ಹೌಸ್ ಕಟ್ಟಿಸಿ, ಬೀಜದ ಕಂಪನಿಯೊಂದಕ್ಕೆ ಟೊಮೆಟೊ ಬೀಜ ಬೆಳೆಯುತ್ತಿದ್ದಳು. ಮೂರು ವರ್ಷ ಕಂಪನಿಗೆ ಅಲೆದು ತನ್ನ ಸ್ವಂತ ಹೆಸರಿನಲ್ಲಿ ಪಡೆದ ಮೊದಲ ಪ್ಲಾಟು, ಅಂದರೆ ಬೀಜ ಬೆಳೆದುಕೊಡುವ ಗುತ್ತಿಗೆ, ಅದು. ಕೆಲಸ ಬಹಳ ನಾಜೂಕಿನದು. ಮಧ್ಯಾಹ್ನ ಹೆಂಗಸರು ಹೆಣ್ಣು ಗಿಡದ ಮೊಗ್ಗುಗಳನ್ನು ಚಿಮಟದಿಂದ ಬಿಡಿಸಿ, ಒಳಗಿನ ಗಂಡು ಭಾಗವನ್ನು ಕಿತ್ತು ಹಾಕುತ್ತಾರೆ. ಮರುದಿನ ಬೆಳಿಗ್ಗೆ, ಬಿಸಿಲೇರುವ ಮೊದಲು, ಇನ್ನೊಂದು ತಳಿಯ ಪರಾಗವನ್ನು ತಂದು ಆ ಹೂವಿಗೆ ಮುಟ್ಟಿಸಬೇಕು. ಇದಕ್ಕೆ ಕ್ರಾಸಿಂಗ್ ಎನ್ನುತ್ತಾರೆ. ಹೊತ್ತು ಮೀರಿತೋ, ಆ ದಿನದ ಹೂವೆಲ್ಲ ಹೋದಂತೆಯೇ.

ಕಳೆದ ಸೋಮವಾರ ಅವಳು ತಮ್ಮನ ಮೊಮ್ಮಗಳ ತೊಟ್ಟಿಲ ಕಾರ್ಯಕ್ಕೆಂದು ಬ್ಯಾಡಗಿಗೆ ಹೊರಟಳು. ಎರಡು ದಿನದ ಮಟ್ಟಿಗೆ ನನ್ನನ್ನು ನೆಟ್ ಹೌಸಿಗೆ ಮೇಲ್ವಿಚಾರಕನನ್ನಾಗಿ ನೇಮಿಸಿದಳು.

"ನೀವೇನೂ ಮಾಡಬ್ಯಾಡ್ರಿ, ಸುಮ್ಮನ ಕುಂದರ್ರಿ," ಎಂದಳು. "ಗುರುವಾರ ಕಂಪನಿ ಆಫೀಸರ್ ಬರ್ತಾರ. ಕೆಲಸ ಕೆಟ್ಟಿದ್ದು ಕಂಡ್ರ ಮುಂದ ನನಗ ಪ್ಲಾಟ್ ಕೊಡಂಗಿಲ್ಲ. ಹೆಣ್ಣಮಕ್ಕಳು ತಮ್ಮ ಪಾಡಿಗೆ ಮಾಡ್ತಾರ. ಅವರ ಕೂಡ ಮಾತಾಡಬ್ಯಾಡ್ರಿ."

"ಮಾತಾಡದ ಹೆಂಗ ಇರ್ಲಿ?"

"ಅದ ನನಗೂ ಚಿಂತಿ ಆಗೇತಿ," ಎನ್ನುತ್ತ ಬಸ್ ಹತ್ತಿದಳು.

ನೆಟ್ ಹೌಸಿನಲ್ಲಿ ಹನ್ನೆರಡು ಜನ ಹೆಂಗಸರು. ಅವರ ಮುಂದಾಳು ಹನುಮವ್ವ, ಹೆಚ್ಚುಕಡಿಮೆ ನನ್ನ ವಯಸ್ಸಿನವಳು, ಮಾತು ಕಡಿಮೆ. ನಾನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತು ಹತ್ತು ನಿಮಿಷ ವ್ರತ ಪಾಲಿಸಿದೆ. ಆಮೇಲೆ ಒಂದು ವಿಷಯ ಗಮನಕ್ಕೆ ಬಂತು. ಇವರ ಕೈಗಳು ದುಡಿಯುತ್ತಿವೆ, ಕಣ್ಣುಗಳು ದುಡಿಯುತ್ತಿವೆ. ಇಪ್ಪತ್ತನಾಲ್ಕು ಕಿವಿಗಳು ಮಾತ್ರ ಖಾಲಿ ಬಿದ್ದಿವೆ. ಯಾವ ಮಾಸ್ತರು ಇದನ್ನು ನೋಡಿಕೊಂಡು ಸುಮ್ಮನಿದ್ದಾನು?

ಯಂತ್ರಗಳಿಂದ ಶುರು ಮಾಡಿದೆ. ಇನ್ನು ಕೆಲವೇ ವರ್ಷಗಳಲ್ಲಿ ಈ ಕ್ರಾಸಿಂಗ್ ಕೆಲಸವನ್ನೂ ಯಂತ್ರವೇ ಮಾಡಲಿದೆ ಎಂದು ಗಂಭೀರವಾಗಿ ಎಚ್ಚರಿಸಿದೆ.

"ಆ ಮಷೀನಿಗೆ ಸೊಂಟ ನೋಯ್ತೈತೇನ್ರಿ ಮಾಸ್ತರ?" ಎಂದು ಹನುಮವ್ವ ಕೇಳಿದಳು.

"ಇಲ್ಲ."

"ಹಂಗಾರ ಲಗೂ ಕಳಸಾಕ ಹೇಳ್ರಿ."

ಇದು ಫಲಿಸದ ಕಾರಣ ಯುದ್ಧಕ್ಕೆ ಹೋದೆ. ಟೊಮೆಟೊ ಸಾಲುಗಳನ್ನೇ ದೇಶಗಳನ್ನಾಗಿ ಮಾಡಿಕೊಂಡು, ಸಮುದ್ರದ ಇಕ್ಕಟ್ಟಾದ ಜಲಸಂಧಿಯಲ್ಲಿ ಎಣ್ಣೆ, ಗ್ಯಾಸ್ ಹೊತ್ತ ಹಡಗುಗಳು ಹೇಗೆ ಬರುತ್ತವೆ, ಅದನ್ನು ಮುಚ್ಚಿದರೆ ಏನಾಗುತ್ತದೆ ಎಂದು ವಿವರಿಸಿದೆ. ಚೆನ್ನಾಗಿ ತಿಳಿಯಲೆಂದು ಗಿಡಗಳಿಗೆ ನೀರುಣಿಸುವ ಡ್ರಿಪ್ ಪೈಪನ್ನು ಎತ್ತಿ ಮಡಚಿ ದಾರ ಕಟ್ಟಿದೆ. "ನೋಡ್ರಿ, ಜಲಸಂಧಿ ಬಂದ್!" ಕ್ಲಾಸು ಕಳೆಗಟ್ಟಿತು. ದಾರ ಬಿಚ್ಚುವುದು ಮರೆತೇ ಹೋಯಿತು.

ಆಗ ಒಬ್ಬಳು ಕೇಳಿದಳು, "ಹಂಗಾರ ನಮಗ ಗ್ಯಾಸ್ ಸಿಗಂಗಿಲ್ಲೇನ್ರಿ?"

ಸಿಗುತ್ತದೆ ಎಂದು ಹೇಳಿದ್ದರೆ ಮುಗಿದುಹೋಗುತ್ತಿತ್ತು. ಆದರೆ ನಾನು ವಿದ್ವಾಂಸ. ಕಣ್ಣು ಅರ್ಧ ಮುಚ್ಚಿ, "ಆ ಸಾಧ್ಯತೆಯನ್ನು ಅಲ್ಲಗಳೆಯುವಂತಿಲ್ಲ," ಎಂದೆ. ಹೆಂಗಸರು ಮುಖ ಮುಖ ನೋಡಿಕೊಂಡರು. ಉಪನ್ಯಾಸ ಮನಸ್ಸಿಗೆ ತಟ್ಟಿತೆಂದು ನನಗೆ ಬಹಳ ಸಂತೋಷವಾಯಿತು.

ಮಂಗಳವಾರ ಬೆಳಿಗ್ಗೆ ಏಳಕ್ಕೆ ಹೋದರೆ ನೆಟ್ ಹೌಸಿನಲ್ಲಿ ಹನುಮವ್ವ ಒಬ್ಬಳೇ! ಬಾಡಿ ನಿಂತ ಎರಡು ಸಾಲಿನ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಪೈಪಿನ ದಾರ ಬಿಚ್ಚುತ್ತಿದ್ದಳು.

"ಉಳಿದವರು ಎಲ್ಲಿ?"

"ಖಾಲಿ ಸಿಲಿಂಡರ್ ತಗೊಂಡು ಗ್ಯಾಸ್ ಏಜೆನ್ಸಿಗೆ ಪಾಳಿ ಹಚ್ಯಾರ್ರಿ. ಮಾಸ್ತರ ಹೇಳ್ಯಾರ, ಇನ್ನ ಗ್ಯಾಸ್ ಬರಂಗಿಲ್ಲಂತ."

"ನೀ ಯಾಕ ಹೋಗ್ಲಿಲ್ಲ?"

"ನಂದು ಕಟಗಿ ಒಲಿ ಐತ್ರಿ." ಅವಳು ಹೂಗಳ ಕಡೆ ಕೈ ಮಾಡಿದಳು. "ಒಂಬತ್ತರೊಳಗ ಮುಟ್ಟಸಬೇಕ್ರಿ. ನನ್ನ ಒಬ್ಬಾಕಿ ಕೈಲೆ ಎಷ್ಟ ಆದಾವು? ಅಕ್ಕಾರಿಗೆ ಏನ ಹೇಳೂದು?"

ಸ್ಕೂಟರ್ ಹತ್ತಿ ಏಜೆನ್ಸಿಗೆ ಓಡಿದೆ. ನಮ್ಮ ಹನ್ನೊಂದು ಜನರನ್ನು ಕಂಡು ಇನ್ನಷ್ಟು ಜನ, ಅವರನ್ನು ಕಂಡು ಮತ್ತಷ್ಟು ಜನ ಸೇರಿ ಪಾಳಿಯ ಸಾಲು ರಸ್ತೆಯ ತಿರುವಿನವರೆಗೆ ಬೆಳೆದಿತ್ತು. "ಏನೂ ಆಗಿಲ್ಲ, ಎಲ್ಲಾರೂ ಹೊಲಕ್ಕ ನಡೀರಿ," ಎಂದೆ.

"ನಿನ್ನಿ ನೀವ ಹೇಳಿದ್ರಲ್ರಿ."

"ಸಾಧ್ಯತೆ ಅಂದಿದ್ದೆ."

ಅಷ್ಟರಲ್ಲಿ ಪಾಳಿಯಲ್ಲಿದ್ದ ಪೇಟಾ ಸುತ್ತಿದ ಹಿರಿಯರೊಬ್ಬರು, "ಹೌದ್ರಿ, ಈ ಯುದ್ಧ ಎಷ್ಟ ತಿಂಗಳ ನಡೀಬಹುದು?" ಎಂದು ಕೇಳಿದರು. ಅಷ್ಟು ವಿನಯದಿಂದ ನನ್ನನ್ನು ಯಾರಾದರೂ ಪ್ರಶ್ನೆ ಕೇಳಿ ಎಷ್ಟು ಕಾಲವಾಗಿತ್ತೋ! ಉತ್ತರ ಮುಗಿದಾಗ ಎಂಟೂಮುಕ್ಕಾಲು.

ಆಗ ಶಾರದಾಳ ತಮ್ಮ ಬ್ಯಾಡಗಿಯಿಂದ ಫೋನ್ ಮಾಡಿದ. "ಮಾವಾರ, ಇಲ್ಲೂ ಗ್ಯಾಸಿಗೆ ಪಾಳಿ ಹತ್ತೇತ್ರಿ. ಯಾರೋ ದೊಡ್ಡವರು ಹೇಳ್ಯಾರಂತ. ಖರೇ ಏನ್ರಿ?" ಹಿಂದೆಯೇ ಹಾವೇರಿಯ ಕೋರ್ಟಿನಲ್ಲಿ ಗುಮಾಸ್ತನಾಗಿರುವ ನನ್ನ ಹಳೆಯ ಶಿಷ್ಯನೂ ಅದನ್ನೇ ಕೇಳಿದ. ವಾಕಿಂಗ್ ಗ್ರೂಪಿನಲ್ಲಿ ನೋಡಿದರೆ, "ದೆಹಲಿಯ ಸಂಪರ್ಕವಿರುವ ರಾಣೇಬೆನ್ನೂರಿನ ಹಿರಿಯ ತಜ್ಞರ ಪ್ರಕಾರ ಆರು ತಿಂಗಳು ಗ್ಯಾಸ್ ಇಲ್ಲ" ಎಂಬ ಸಂದೇಶ.

ನನಗೆ ಮೊದಲು ಹೊಟ್ಟೆಕಿಚ್ಚಾಯಿತು. ನನಗೆ ಗೊತ್ತಿಲ್ಲದಂತೆ ನಮ್ಮೂರಿನಲ್ಲಿ ಇಂಥ ತಜ್ಞರು ಯಾರು? ಆಮೇಲೆ ಹೆದರಿಕೆಯಾಯಿತು. ಒಂದೇ ಸುದ್ದಿ ಮೂರು ಬೇರೆ ಬೇರೆ ಕಡೆಯಿಂದ ಬಂದರೆ ಅದನ್ನು ಖಚಿತವೆಂದು ತಿಳಿಯಬೇಕು. ಇದನ್ನು ಸ್ವತಃ ನಾನೇ ಮಕ್ಕಳಿಗೆ ಕಲಿಸಿದ್ದೇನೆ. ತಡಮಾಡದೆ ಮನೆಗೆ ಹೋಗಿ, ನಮ್ಮ ಖಾಲಿ ಸಿಲಿಂಡರನ್ನು ಸ್ಕೂಟರಿನ ಮುಂದಿಟ್ಟುಕೊಂಡು ಬಂದು, ಪಾಳಿಯ ಕೊನೆಗೆ ನಿಂತೆ.

ಹೂವಿನ ನೆನಪು ಬರಲಿಲ್ಲವೇ ಎಂದು ನೀವು ಕೇಳಬಹುದು. ಬಂತು. ಆದರೆ ನನ್ನ ಹಿಂದೆ ಅದಾಗಲೇ ಇಪ್ಪತ್ತು ಜನ ನಿಂತಿದ್ದರು. ಪಾಳಿ ಬಿಟ್ಟು ಹೋಗಲು ಮನಸ್ಸಾಗಲಿಲ್ಲ.

ಹನ್ನೊಂದಕ್ಕೆ ಶಾರದಾ ಬಂದಳು. ಹನುಮವ್ವ ಫೋನ್ ಮಾಡಿದ್ದಳಂತೆ. ತೊಟ್ಟಿಲ ಕಾರ್ಯವನ್ನು ಅರ್ಧಕ್ಕೆ ಬಿಟ್ಟು, ಉಟ್ಟ ರೇಷ್ಮೆ ಸೀರೆಯಲ್ಲೇ ಬಸ್ ಹತ್ತಿದ್ದಳು. ಹೊಲಕ್ಕೆ ಹೋಗಿ ಹೂವು ನೋಡಿಕೊಂಡು ಬಂದಿದ್ದಳು.

"ಶಾರದಾ, ಸುದ್ದಿ ಖರೇನ ಐತಿ," ಎಂದೆ. "ಮೂರು ಕಡಿಂದ ಖಚಿತ ಆಗೇತಿ."

"ಯಾರ ಹೇಳ್ಯಾರ?"

"ಯಾರೋ ಹಿರಿಯ ತಜ್ಞರಂತ. ನಮ್ಮ ಊರಿನವರ."

"ಹೌದು," ಎಂದಳು. "ಅವರು ಸಿಲಿಂಡರ್ ಹಿಡಕೊಂಡು ನನ್ನ ಮುಂದ ನಿಂತಾರ."

ತಿಳಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಅವಳು ಜಗಳ ಆಡಲಿಲ್ಲ. "ಮೂರು ವರ್ಷ ಅಡ್ಡಾಡೇನ್ರೀ ಅದಕ್ಕ," ಎಂದಳು, ಕಣ್ಣಲ್ಲಿ ನೀರು ಬಂತು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಬಹಳ ನಾಚಿಕೆಯಾಯಿತು. ಏಜೆನ್ಸಿಯವರು ಹೊರಗೆ ಬಂದು, ಬುಕ್ ಮಾಡಿದವರಿಗೆಲ್ಲ ಎಂದಿನಂತೆ ಮನೆಗೇ ಬರುತ್ತದೆ ಎಂದು ನೂರನೇ ಸಲ ಕೂಗಿ ಹೇಳುತ್ತಿದ್ದರು. ಯಾರೂ ಕೇಳುತ್ತಿರಲಿಲ್ಲ.

ಗುರುವಾರ ಆಫೀಸರ್ ಬಂದರು. ಶಾರದಾ ಏನನ್ನೂ ಮುಚ್ಚಿಡಲಿಲ್ಲ. ಅವರು ಗಿಡಗಳನ್ನೆಲ್ಲ ನೋಡಿ ಹೀಗೆ ಷರಾ ಬರೆದರು: "ಕೆಲಸ ಉತ್ತಮ. ಒಂದು ದಿನದ ಹೂವು ನಷ್ಟ. ಇನ್ನೊಂದು ದಿನ ನಷ್ಟವಾದಲ್ಲಿ ಪ್ಲಾಟು ರದ್ದು. ಸ್ಥಳದಲ್ಲಿದ್ದ ಮೇಲ್ವಿಚಾರಕರನ್ನು ಕೂಡಲೇ ಬದಲಾಯಿಸತಕ್ಕದ್ದು." ನನ್ನ ಇಡೀ ಸೇವಾವಧಿಯಲ್ಲಿ ನನ್ನ ಬಗ್ಗೆ ಬಂದ ಏಕೈಕ ಪ್ರತಿಕೂಲ ಷರಾ ಇದು.

ಶುಕ್ರವಾರದಿಂದ ನಾನು ಹನುಮವ್ವನ ಕೈಕೆಳಗೆ ಹದಿಮೂರನೇ ಆಳು. ಹೆಂಗಸರು ನೂರು ಹೂವು ಮುಗಿಸುವಾಗ ನಾನು ಏಳು ಮುಗಿಸುತ್ತೇನೆ, ಅದರಲ್ಲಿ ಮೂರನ್ನು ಮುರಿಯುತ್ತೇನೆ. ಮಾತಿಲ್ಲ, ಕಥೆಯಿಲ್ಲ. ಶನಿವಾರ ಮಧ್ಯಾಹ್ನ ಒಬ್ಬಳು ತಡೆಯಲಾರದೆ ಕೇಳಿಯೇಬಿಟ್ಟಳು. "ಮಾಸ್ತರ, ಯುದ್ಧ ನಿಂತತೇನ್ರಿ?"

ಹೊಸದಾಗಿ ಬಂದ ಬುದ್ಧಿಯನ್ನು ಬಳಸಬೇಕೆಂದು, "ನನಗ ಗೊತ್ತಿಲ್ಲವ್ವ," ಎಂದೆ. ಜೀವಮಾನದಲ್ಲಿ ಮೊದಲ ಸಲ ಆ ಮಾತು ಬಾಯಿಂದ ಬಂದಿತ್ತು.

ಚಿಮಟಗಳೆಲ್ಲ ಒಮ್ಮೆಲೇ ನಿಂತವು. "ಅಯ್ಯ, ಮಾಸ್ತರಿಗೇ ಗೊತ್ತಿಲ್ಲ ಅಂದ್ರ ಏನೋ ಭಾಳ ದೊಡ್ಡದ ಆಗೇತಿ," ಎಂದು ಇನ್ನೊಬ್ಬಳು ಪಿಸುಗುಟ್ಟಿದಳು. ನಾಳೆ ಎಷ್ಟೊತ್ತಿಗೆ ಪಾಳಿ ಹಚ್ಚಬೇಕೆಂಬ ಲೆಕ್ಕಾಚಾರ ಸಾಲಿನಿಂದ ಸಾಲಿಗೆ ಹರಿಯತೊಡಗಿತು.

ಶಾರದಾ ಓಡಿ ಬಂದು ನನ್ನ ಕಿವಿಯಲ್ಲಿ, "ರೀ, ನಿಮ್ಮ ಕೈ ಮುಗೀತೀನಿ. ಗ್ಯಾಸ್ ಸಿಗತೈತಿ ಅಂತ ಹೇಳ್ರಿ. ಅಷ್ಟ ಹೇಳ್ರಿ," ಎಂದಳು.

ನಾನು ಎದ್ದು ನಿಂತು, ಗಂಟಲು ಸರಿಮಾಡಿಕೊಂಡು, ಜಾಗತಿಕ ಪರಿಸ್ಥಿತಿಯ ಕುರಿತು ನನ್ನ ಬದುಕಿನ ಅತ್ಯಂತ ಚಿಕ್ಕ ಉಪನ್ಯಾಸ ಕೊಟ್ಟೆ. "ಗ್ಯಾಸ್ ಸಿಗತೈತಿ."

ಹನುಮವ್ವ ಮೊಗ್ಗಿನಿಂದ ಕಣ್ಣು ತೆಗೆಯದೆ ಕೇಳಿದಳು, "ಇದನ್ನ ನಿಮಗ ಯಾರ ಹೇಳ್ಯಾರ್ರಿ?"

"ನನ್ನ ಹೆಂಡ್ತಿ."

"ಹಂಗಾರ ಖರೇ ಇರಬೇಕ ಬಿಡ್ರಿ," ಎಂದಳು ಹನುಮವ್ವ. ಹನ್ನೆರಡು ಚಿಮಟಗಳೂ ಮತ್ತೆ ಕೆಲಸಕ್ಕೆ ಹತ್ತಿದವು.