ಮಾಮಾನ ಮುತ್ತಿಗೆಗಳು

ನಮ್ಮ ಮಾಮಾ ಎಷ್ಟು ಕೋಟೆಗಳನ್ನು ಕೆಡವಿದ್ದಾರೆಂದು ಅವರಿಗೇ ನೆನಪಿಲ್ಲ. ಊರುಗಳನ್ನು ಸುಟ್ಟಿದ್ದಾರೆ, ರಾಜರನ್ನು ಅಟ್ಟಿದ್ದಾರೆ, ಆನೆಗಳನ್ನು ಕಂದಕಕ್ಕೆ ಉರುಳಿಸಿದ್ದಾರೆ. ಮನೆಯಲ್ಲಿ ಒಂದು ಹಲ್ಲಿ ಕಂಡರೆ ಮಾತ್ರ ಮಂಚ ಹತ್ತಿ ನಿಂತು ಅತ್ತೆಯನ್ನು ಕೂಗುತ್ತಾರೆ! ಇಂಥ ವೀರರ ಸೋದರಸೊಸೆಯಾಗಿ ಹುಟ್ಟಿದ ನಾನು ಎಷ್ಟು ಸಲ ತಲೆ ತಗ್ಗಿಸಿದ್ದೇನೆ ಅಂತೀರಿ?

ಅವ್ವನ ಈ ತಮ್ಮನಿಗೆ ಬಸವಕಲ್ಯಾಣದಲ್ಲಿ ಬೀಜ-ಗೊಬ್ಬರದ ಅಂಗಡಿ. ಎರಡು ಸಾವಿರದ ಇಸವಿಯ ಆಚೀಚೆ ಅಲ್ಲೊಂದು ಕಂಪ್ಯೂಟರ್ ಸೆಂಟರ್ ಶುರುವಾದಾಗ, ಅಂಗಡಿಯ ಲೆಕ್ಕ ಕಲಿಯುತ್ತೇನೆಂದು ಕಂಪ್ಯೂಟರಿಗೆ ಊದಿನಕಡ್ಡಿ ಬೆಳಗಿ ಸೇರಿಕೊಂಡರು. ಪಕ್ಕದ ಕುರ್ಚಿಯವರು ಕೋಟೆಗೆ ಮುತ್ತಿಗೆ ಹಾಕುವ ಆಟ ಆಡುತ್ತಿದ್ದರು. ಮಾಮಾ ಅತ್ತ ತಿರುಗಿದವರು ಮತ್ತೆ ಇತ್ತ ತಿರುಗಲಿಲ್ಲ. ಅಂಗಡಿಯ ಲೆಕ್ಕ ಇಂದಿಗೂ ಅತ್ತೆಯೇ ಬರೆಯುತ್ತಾರೆ.

ಆ ಆಟದಲ್ಲಿ ಕೋಟೆ ಗೆಲ್ಲಲು ಹಲವು ದಾರಿಗಳಂತೆ. ದೊಡ್ಡ ಕವಣೆಯಿಂದ ಬಂಡೆ ಎಸೆದು ಗೋಡೆ ಒಡೆಯಬಹುದು, ಮರದ ದಿಮ್ಮಿಯಿಂದ ಬಾಗಿಲು ಗುದ್ದಬಹುದು, ಏಣಿ ಹಚ್ಚಬಹುದು. ಎಲ್ಲಕ್ಕಿಂತ ಸುಲಭವೆಂದರೆ ಸುತ್ತ ಫೌಜು ನಿಲ್ಲಿಸಿ, ಒಳಗಿನವರ ದವಸ ಮುಗಿಯುವವರೆಗೆ ಕಾಯುವುದು. ಸೆಂಟರಿನ ಮಾಲೀಕರು ಕೈಮುಗಿದು ಹೇಳುತ್ತಿದ್ದರು:

"ಮಾಮಾ, ಸುಮ್ಮ ಕೂಡ್ರಿ. ದವಸ ತೀರಿದ್ರ ತಾವ ಬಾಗಲಾ ತೆಗೀತಾರ."

"ಕಾಯೋ ಮಾತು ನನ್ನ ಮುಂದ ತೆಗೀಬ್ಯಾಡ್ರಿ!" ಎಂದು ಗುಡುಗಿ, ಮಾಮಾ ಇದ್ದ ಫೌಜನ್ನೆಲ್ಲ ಕೋಟೆಯ ಹಿಂಬಾಗಿಲಿಗೆ ನುಗ್ಗಿಸುತ್ತಿದ್ದರು. ಮೇಲಿಂದ ಕಾದ ಎಣ್ಣೆ ಸುರಿದು ಅರ್ಧ ಸೈನ್ಯ ಬಜ್ಜಿಯಾಗುತ್ತಿತ್ತು. ಉಳಿದರ್ಧ ಒಳಗೆ ಹೊಕ್ಕರೆ ಸೆಂಟರಿನವರಿಗೆಲ್ಲ ಮಾಮಾನ ಖರ್ಚಿನಲ್ಲಿ ಚಹಾ!

ಸಾಲದ್ದಕ್ಕೆ ಊರಲ್ಲೇ ಖರೇ ಕೋಟೆ ಬೇರೆ ಇದೆಯಲ್ಲ! ಒಂದು ಭಾನುವಾರ, ನೋಡಲು ಬಂದಿದ್ದ ಸಂಸಾರವೊಂದನ್ನು ಅಲ್ಲಿ ತಡೆದು ನಿಲ್ಲಿಸಿ, "ಈ ಗ್ವಾಡಿ ನನಗ ಒಪ್ಪಸ್ರಿ, ಸಂಜೀ ಒಳಗ ಕೆಡವಿ ತೋರಸ್ತೀನಿ" ಅಂದರಂತೆ. ಕಾವಲುಗಾರ ಮಾಮಾನನ್ನು ಗೇಟಿನವರೆಗೂ ಬೀಳ್ಕೊಟ್ಟು ಬಂದನಂತೆ.

ಆಗ ನಮ್ಮ ಮನೆ ಹುಮನಾಬಾದಿನಲ್ಲಿ, ನನ್ನ ಕಾಲೇಜು ಬಸವಕಲ್ಯಾಣದಲ್ಲಿ. ಒಂದು ಸಂಜೆ ಊರಿಗೆ ಮರಳುವ ಬಸ್ಸಿನಲ್ಲಿ, ನಮ್ಮ ಮನೆಗೇ ಹೊರಟಿದ್ದ ಮಾಮಾ ಸಿಕ್ಕರು. ನಾನು ಮುಂದೆ, ಅವರು ಹಿಂದೆ. ಅಲ್ಲಿಂದಲೇ ಕೂಗಿದರು:

"ನಿನ್ನಿ ಒಂದು ಊರು ಪೂರಾ ಸುಟ್ಟ ಬಿಟ್ಟೆ ನೋಡವ್ವಾ! ಒಬ್ಬರೂ ಉಳೀಲಿಲ್ಲ!"

ಇಡೀ ಬಸ್ಸು ತಿರುಗಿ ನೋಡಿತು. ನನ್ನ ಪಕ್ಕದ ಮುದುಕಿ ತನ್ನ ಗಂಟನ್ನು ಎದೆಗೆ ಒತ್ತಿಕೊಂಡಳು. ಕಂಡಕ್ಟರ್ ಮೆಲ್ಲಗೆ ಕೇಳಿದ: "ಯಾವ ಊರ್ರೀ?"

"ಹೆಸರು ಬಾಯಾಗ ಬರಂಗಿಲ್ರಿ. ವಿಲಾಯತಿದ್ದು!"

ಕಂಡಕ್ಟರ್ ನನ್ನತ್ತ ಬಾಗಿದ. "ಇವರು ನಿಮ್ಮವರೇನ್ರಿ?"

ನಾನು ಕಿಟಕಿಯಾಚೆಯ ತೊಗರಿ ಹೊಲಗಳನ್ನು ಹುಟ್ಟಿದಾಗಿನಿಂದ ಕಂಡೇ ಇಲ್ಲವೆಂಬಂತೆ ನೋಡತೊಡಗಿದೆ. ತಪ್ಪಿಸಿಕೊಂಡೆ ಅಂದುಕೊಂಡಿರಾ? ಇಳಿಯುವಾಗ ಮಾಮಾ ನನ್ನ ಚೀಲವನ್ನೂ ಹೆಗಲಿಗೇರಿಸಿಕೊಂಡು, "ನಮ್ಮಕ್ಕನ ಮಗಳ್ರೀ!" ಎಂದು ಬಸ್ಸಿಗೆಲ್ಲ ಸಾರಿದರು.

ಇದನ್ನೆಲ್ಲ ನಾನು ನುಂಗಿಕೊಂಡೇನು. ಆದರೆ ಕೊಹಿನೂರು ಹಳ್ಳಿಯಿಂದ ಬಂದ ಮದುವೆ ಸಂಬಂಧ! ಹುಡುಗ ಶಾಲೆ ಮಾಸ್ತರ, ಕಡಿಮೆ ಮಾತಿನವನು. ನನ್ನನ್ನು ನೋಡಲು ಬಂದಾಗ ಅವಲಕ್ಕಿಗೆ ಉಪ್ಪು ಹೆಚ್ಚಾಗಿದ್ದರೂ ಇನ್ನಷ್ಟು ಹಾಕಿಸಿಕೊಂಡಿದ್ದ. ನನ್ನ ಮನಸ್ಸು ಅಲ್ಲಿಗೆ ವಾಲಿತ್ತು. ಇನ್ನು ಉಳಿದದ್ದು ಅವರ ಮನೆ ನೋಡುವ ಶಾಸ್ತ್ರ. ಅಪ್ಪನ ಜೊತೆಗೆ ಮಾಮಾ ಹೋದರು. ನಡೆದದ್ದನ್ನು ಅಪ್ಪನೇ ಬಂದು ಹೇಳಿದ್ದು.

"ಹಿತ್ತಲಿಗೆ ಬಾಗಲಾ ಅದೇನ್ರಿ?" ಎಂದು ಮಾಮಾ ಶುರು ಮಾಡಿದರಂತೆ.

"ಅದರೀ," ಅಂದರಂತೆ ಹುಡುಗನ ಅಜ್ಜ.

"ಕೀಲಿ ಒಳಗಿಂದ ಹಾಕ್ತೀರೋ, ಹೊರಗಿಂದೋ?"

ಮನೆಯವರು ಮುಖ ಮುಖ ನೋಡಿಕೊಂಡರು.

"ಗ್ವಾಡಿ ಎತ್ತರ ಭಾಳ ಅದ ಬಿಡ್ರಿ. ಹೆಣ್ಮಗಳೊಬ್ಬಾಕಿ ಹತ್ತಿ ಇಳೀಬಹುದೇನು?"

ಅಜ್ಜ ಕೋಲು ಊರಿ ಎದ್ದೇಬಿಟ್ಟರು. "ನೀವು ಹೆಣ್ಣು ಕೊಡಾಕ ಬಂದೀರೋ, ಕನ್ನ ಹಾಕಾಕ ಬಂದೀರೋ?"

ಎರಡೇ ದಿನಕ್ಕೆ ಬೇಡವೆಂದು ಸುದ್ದಿ ಬಂತು. ಅಪ್ಪ ಚಪ್ಪಲಿ ಮೆಟ್ಟಿ ಹೊರಗೆ ಹೋದರು. ಮಾಮಾ ನಮ್ಮ ಪಡಸಾಲೆಯಲ್ಲಿ ಕೂತಿದ್ದರು. ನಾನು ಎದುರು ನಿಂತು ಕಿರುಚಿದೆ:

"ನಿಮ್ಮ ಹುಚ್ಚ ಆಟದಾಗ ನನ್ನ ಬಾಳೇವು ಕೆಡಿಸಿದ್ರಿ! ನಮ್ಮ ಮಾಮಾ ಅಂತ ಹೇಳಾಕ ನಾಚಿಕಿ ಬರ್ತದ ನನಗ!"

ಏನಾದರೊಂದು ಚಟಾಕಿ ಹಾರಿಸುತ್ತಾರೆ ಎಂದುಕೊಂಡಿದ್ದೆ.

"ಆಟ ಅಲ್ಲವ್ವಾ ಅದು," ಎಂದರು ನೆಲ ನೋಡುತ್ತ. "ನಮ್ಮ ದೊಡ್ಡಕ್ಕನ ಮನಿಗೆ ಹಿತ್ತಲ ಬಾಗಲಾ ಇರಲಿಲ್ಲ."

ನಾನು ಹುಟ್ಟುವ ಮೊದಲೇ ತೀರಿಕೊಂಡ ದೊಡ್ಡವ್ವ ಒಬ್ಬಳಿದ್ದಳೆಂದು ಗೊತ್ತಿತ್ತು. ಜ್ವರ ಬಂದು ಹೋದಳು ಎನ್ನುತ್ತಿದ್ದರು. ಅದರಾಚೆಗೆ ನಮ್ಮ ಮನೆಯಲ್ಲಿ ಯಾರೂ ಮಾತು ಬೆಳೆಸುತ್ತಿರಲಿಲ್ಲ.

"ಆಕಿಗೆ ಆರಾಮಿಲ್ಲ ಅಂತ ಸುದ್ದಿ ಬಂತು. ಕರಕೊಂಡು ಬರಾಕ ನನ್ನ ಕಳಿಸಿದ್ರು. ಆಕಿ ಗಂಡನ ಮನಿಯವರು ಒಳಗ ಬಿಡಲಿಲ್ಲ. ಕಟ್ಟಿ ಮ್ಯಾಲ ಕುಂಡ್ರಿಸಿ ಚಹಾ ಕೊಟ್ರು. ಮುಂದಿನ ವಾರ ನಾವ ಕಳಸ್ತೀವಿ ಅಂದ್ರು. ಆಕಿ ಒಳಗ ಕೆಮ್ಮಾಕತ್ತಿದ್ಳು, ನನಗ ಕೇಳಾಕತ್ತಿತ್ತು. ಆಕೀನೂ ನನ್ನ ದನಿ ಕೇಳಿರ್ತಾಳ. ಬಾಗಲಾ ಒದೀಬೇಕಾಗಿತ್ತವ್ವಾ. ನಾ ಚಹಾ ಕುಡದು ಬಂದೆ."

ಮುಂದಿನ ವಾರ ಬಂದದ್ದು ಸಾವಿನ ಸುದ್ದಿ.

ಅವ್ವ ಯಾವಾಗ ಅಡಿಗೆಮನೆಯಿಂದ ಬಂದು ನಿಂತಿದ್ದಳೋ! "ಆಗ ಇವಗ ಇನ್ನೂ ಮೀಸಿ ಸುದ್ಧಾ ಬಂದಿರಲಿಲ್ಲ," ಎಂದಳು, ಯಾರಿಗೆಂದು ಅಲ್ಲ. ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು.

ನಾನು ಮಾಮಾನ ಪಕ್ಕ ಕೂತೆ.

"ಮುಂದ ಯಾರದಾದ್ರೂ ಮನಿ ನೋಡೋದು ಬಂದ್ರ ನೀವ ಹೋಗ್ರಿ, ಮಾಮಾ," ಎಂದೆ. "ಎಲ್ಲಾ ಕೇಳ್ರಿ. ಏನೂ ಬಿಡಬ್ಯಾಡ್ರಿ."

ಅವರು ಮುಖವೆತ್ತಲಿಲ್ಲ. ನನ್ನ ತಲೆಯ ಮೇಲೆ ಕೈಯಿಟ್ಟವರು ಬಹಳ ಹೊತ್ತು ತೆಗೆಯಲೇ ಇಲ್ಲ.