ನಿದ್ದೆಗೆಟ್ಟವನ ಜಿನ್ಸೆಂಗ್ ವ್ಯಾಪಾರ

ಕೆಲವರಿಗೆ ಶನಿ ಏಳೂವರೆ ವರ್ಷ ಹಿಡಿಯುತ್ತಾನಂತೆ. ನನ್ನ ಪಾಲಿಗೆ ಅವನು ಖಾಯಂ ನೌಕರಿಗೇ ಸೇರಿಕೊಂಡಿದ್ದಾನೆ; ವಾರಕ್ಕೊಂದಾದರೂ ಫಜೀತಿ ಮಾಡಿಸದೆ ಮನೆಗೆ ಕಳಿಸುವುದಿಲ್ಲ.

ನಾನು ಮೆಡಿಕಲ್ ರೆಪ್. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ನನ್ನ ಪಾಲಿನ ಊರುಗಳು. ಕೆಮ್ಮಿನ ಔಷಧಿ, ಗ್ಯಾಸ್ ಮಾತ್ರೆ ಅಂತ ಹೇಗೋ ಕಾಲ ಹಾಕುತ್ತಿದ್ದೆ. ಕಂಪನಿಯವರಿಗೆ ಅದೇನು ಹೊಳೆಯಿತೋ, ಜಿನ್ಸೆಂಗ್ ಎಂಬ ಪರದೇಶದ ಬೇರಿನ ಕ್ಯಾಪ್ಸೂಲ್ ತಂದರು. ತಲೆ ತಣ್ಣಗಾಗುತ್ತದಂತೆ, ನಿದ್ದೆ ಬರುತ್ತದಂತೆ. ದಾವಣಗೆರೆಯ ಹೋಟೆಲೊಂದರಲ್ಲಿ ಟ್ರೈನಿಂಗ್ ಇಟ್ಟರು. "ಈ ಬೇರಿನಲ್ಲಿ ಜಿನ್ಸೆನೋಸೈಡ್ ಅನ್ನೋ ಅಂಶ ಇದೆ. ಅದು ಮೆದುಳಿನ ಗಾಬಾ ರಿಸೆಪ್ಟರ್ ಮೇಲೆ ಕೆಲಸ ಮಾಡುತ್ತೆ. ಗಾಬಾ ಅಂದ್ರೆ ಮೆದುಳಿನ ಬ್ರೇಕು. ಇದು ಬ್ರೇಕ್ ಒತ್ತುತ್ತೆ, ಮನುಷ್ಯ ಮಲಗುತ್ತಾನೆ. ಅಷ್ಟೇ!" ಅಂದರು ನಮ್ಮ ಮ್ಯಾನೇಜರ್.

ಊಟ ಆದ ಮೇಲೆ ನನ್ನನ್ನು ಪಕ್ಕಕ್ಕೆ ಕರೆದರು. "ತಿಂಗಳ ಕೊನೆಗೆ ನಾನೇ ನಿಮ್ಮ ಜೊತೆ ಬರ್ತೀನಿ. ಒಬ್ಬ ಡಾಕ್ಟರಾದರೂ ನನ್ನ ಕಣ್ಣೆದುರಿಗೆ ಚೀಟಿಯಲ್ಲಿ ಈ ಕ್ಯಾಪ್ಸೂಲಿನ ಹೆಸರು ಬರೀಬೇಕು. ಇಲ್ಲಾಂದ್ರೆ ಬ್ಯಾಗ್ ವಾಪಸ್ ಕೊಟ್ಟು ಮನೆಗೆ ಹೋಗಿ."

ಅವತ್ತೇ ನನ್ನ ನಿದ್ದೆ ಹಾರಿಹೋಯಿತು. ಸ್ಯಾಂಪಲ್ ಹೇಗೂ ಬ್ಯಾಗಿನಲ್ಲಿತ್ತು. ದೇವರ ಮೇಲೆ ಭಾರ ಹಾಕಿ ನಾನೇ ನುಂಗಲು ಶುರು ಮಾಡಿದೆ. ಅಳಿದುಳಿದ ನಿದ್ದೆಯೂ ಹೋಯಿತು.

ಚನ್ನಗಿರಿ: ಇಲಿಗೇನು ಚಿಂತೆ?

ಚನ್ನಗಿರಿಯ ಡಾಕ್ಟರ ಎದುರಿನ ಸ್ಟೂಲಿನಲ್ಲಿ ಒಬ್ಬ ಅಡಿಕೆ ವ್ಯಾಪಾರಿ ಕೂತಿದ್ದರು, ತೋಳಿಗೆ ಬಿಪಿ ಪಟ್ಟಿ ಸುತ್ತಿಸಿಕೊಂಡು. ಡಾಕ್ಟರು, "ಹೇಳ್ರಿ ಬೇಗ" ಅಂದರು. ನಾನು ಬ್ರೇಕಿನ ಕಥೆ ಒಪ್ಪಿಸಿದೆ. ಡಾಕ್ಟರು ತಲೆ ಎತ್ತಲಿಲ್ಲ. ಕೇಳಿಸಿಕೊಂಡದ್ದು ವ್ಯಾಪಾರಿ.

"ಇದನ್ನ ಯಾರಿಗೆ ಕೊಟ್ಟು ನೋಡ್ಯಾರ್ರಿ?"

ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಹೆಚ್ಚಾಗಿ ಇಲಿಗಳಿಗೆ" ಅಂದೆ.

"ಇಲಿಗೆ ನಿದ್ದೆ ಬಂತಾ?"

"ಬಂತಂತೆ."

"ಅಲ್ರೀ, ಇಲಿ ಯಾಕೆ ನಿದ್ದೆಗೆಟ್ಟಿತ್ತು? ಅದಕ್ಕೇನು ಅಡಿಕೆ ರೇಟಿನ ಚಿಂತೆನಾ, ಮಗಳ ಮದುವೆ ಚಿಂತೆನಾ?"

ಡಾಕ್ಟರು ಪಟ್ಟಿ ಬಿಚ್ಚುತ್ತಾ ನಕ್ಕರು. ಅಲ್ಲಿಗೆ ನನ್ನ ಕಥೆ ಮುಗಿಯಿತು ಅಂದುಕೊಂಡು ಬ್ಯಾಗು ಎತ್ತಿಕೊಂಡೆ. ಬಾಗಿಲ ತನಕ ಬಂದ ವ್ಯಾಪಾರಿ ಮೆಲ್ಲಗೆ ಅಂದರು: "ಒಂದು ಡಬ್ಬಿ ಕೊಟ್ಟು ಹೋಗ್ರಿ. ನಮ್ ಗೋಡೌನಾಗೆ ಇಲಿ ಕಾಟ ಭಾಳ ಐತೆ. ಅವಾದ್ರೂ ಮಲಗಿಕೊಂಡ್ರೆ ಚೀಲ ಉಳೀತಾವೆ."

ಇಡೀ ತಿಂಗಳಲ್ಲಿ ಈ ಕ್ಯಾಪ್ಸೂಲನ್ನು ನಂಬಿ ಕೇಳಿದ ಮನುಷ್ಯ ಅವರೊಬ್ಬರೇ.

ನ್ಯಾಮತಿ: ಬ್ರೇಕೂ ಅದೇ, ಆಕ್ಸಿಲರೇಟರೂ ಅದೇ

ನ್ಯಾಮತಿಯ ಡಾಕ್ಟರಮ್ಮ ಓದಿಕೊಂಡವರು. ರೆಪ್‌ಗಳಿಗೆ ಅಂಥವರೆಂದರೆ ಸಿಂಹಸ್ವಪ್ನ. ಸೂರಗೊಂಡನಕೊಪ್ಪದಿಂದ ಬಂದಿದ್ದ ಅಜ್ಜಿಯೊಬ್ಬರ ಮಂಡಿ ನೋಡುತ್ತಲೇ ನನ್ನ ಮಾತು ಕೇಳಿದರು. ಆಮೇಲೆ ಶಾಂತವಾಗಿ ಶುರು ಮಾಡಿದರು.

"ಜಿನ್ಸೆನೋಸೈಡ್ ಅಂದ್ರೆ ಒಂದೇ ಅಲ್ಲಪ್ಪ, ಹತ್ತಾರು ಥರ ಇದಾವೆ. ಒಂದು ಬ್ರೇಕ್ ಒತ್ತಿದ್ರೆ ಇನ್ನೊಂದು ಆಕ್ಸಿಲರೇಟರ್ ಒತ್ತುತ್ತೆ. ಎರಡೂ ಒಂದೇ ಬೇರಲ್ಲಿ ಇದಾವೆ. ಈಗ ಹೇಳು, ನುಂಗಿದವರು ಮಲಗಬೇಕಾ, ಏಳಬೇಕಾ?"

ನಾನು ಅಜ್ಜಿಯ ಮುಖ ನೋಡಿದೆ. ಅಜ್ಜಿ ಪಾಪ ಅಂತ ನನ್ನ ಮುಖ ನೋಡಿದರು.

"ಅದೂ ಅಲ್ದೆ, ನುಂಗಿದ್ದರಲ್ಲಿ ಮೆದುಳಿಗೆ ಎಷ್ಟು ಮುಟ್ಟುತ್ತೆ ಅನ್ನೋದೇ ಅನುಮಾನ. ಮೆದುಳಿಗೆ ಅಂತ ಒಂದು ಕಾವಲು ಇರುತ್ತೆ, ಅದು ಹೊರಗಡೆನೇ ತಡೆದು ನಿಲ್ಲಿಸುತ್ತೆ, ನಿನ್ನನ್ನ ನಮ್ಮ ನರ್ಸು ನಿಲ್ಲಿಸ್ತಾಳಲ್ಲ, ಹಂಗೆ."

ಹೊರಗೆ ಬೇವಿನ ಮರದ ಕೆಳಗೆ ನಿಂತು ಮ್ಯಾನೇಜರಿಗೆ ಫೋನ್ ಮಾಡಿದೆ. "ಸಾರ್, ಇದೇ ಬೇರು ಮಲಗಿಸೋದೂ ಉಂಟು, ಎಬ್ಬಿಸೋದೂ ಉಂಟು ಅಂತಿದಾರೆ. ನಾನು ಏನಂತ ಹೇಳ್ಲಿ?"

"ಅಯ್ಯೋ, ಒಳ್ಳೇದೇ ಆಯ್ತಲ್ರೀ!" ಅಂದರು ಅವರು. "ಮಲಗೋಕೆ ರಾತ್ರಿ ಒಂದು, ಏಳೋಕೆ ಬೆಳಿಗ್ಗೆ ಒಂದು ಅಂತ ಬರೆಸಿ."

ಹೊನ್ನಾಳಿ: ಟವೆಲ್ ಹಾಕಿದ ಸೀಟು

ಹೊನ್ನಾಳಿಯಲ್ಲಿ ಡಾಕ್ಟರು ಇನ್ನೂ ಬಂದಿರಲಿಲ್ಲ. ಕಾಯುತ್ತಾ ಕೂತ ಜನರ ನಡುವೆ ಒಬ್ಬ ಟೈಲರ್ ಸಾಹೇಬರಿದ್ದರು. ಹೊತ್ತು ಹೋಗದೆ, "ಬ್ಯಾಗಿನಾಗೆ ಏನೈತೆ ಭಾಯ್?" ಅಂದರು. ನಿದ್ದೆ ಕ್ಯಾಪ್ಸೂಲ್ ಅಂದೆ, ಮೆದುಳಿನ ರಿಸೆಪ್ಟರ್ ಮೇಲೆ ಕೆಲಸ ಮಾಡುತ್ತೆ ಅಂದೆ. ಅವರಿಗೆ ಅರ್ಥವಾಗಲಿಲ್ಲ. ಸುಲಭ ಮಾಡಿ ಹೇಳೋಣ ಅಂತ ಹೊರಟದ್ದೇ ತಪ್ಪಾಯಿತು.

"ಮೆದುಳು ಒಂದು ಬಸ್ಸು ಅಂದುಕೊಳ್ಳಿ. ರಿಸೆಪ್ಟರ್ ಅಂದ್ರೆ ಅದರ ಸೀಟು. ತಲೆ ಬಿಸಿ ಮಾಡೋ ಪದಾರ್ಥ ಬಂದು ಆ ಸೀಟಲ್ಲಿ ಕೂರಬೇಕು. ಅಷ್ಟರೊಳಗೆ ನಮ್ಮ ಜಿನ್ಸೆನೋಸೈಡ್ ಕಿಟಕಿಯಿಂದ ಟವೆಲ್ ಹಾಕಿಬಿಡುತ್ತೆ. ತಾನೂ ಕೂರಲ್ಲ, ಬೇರೆಯವರಿಗೂ ಕೂರಾಕೆ ಬಿಡಲ್ಲ."

ಸಾಹೇಬರ ಮುಖ ಕೆಂಪಾಯಿತು. "ಟವೆಲ್ ಹಾಕಿದ್ರೆ ಆಯ್ತಾ? ಮೊದ್ಲು ಹತ್ತಿದವರಿಗೆ ಸೀಟು!"

ಮೂಲೆಯಲ್ಲಿ ಕೂತಿದ್ದ ಗೌಡರೊಬ್ಬರು ಎದ್ದರು. "ಹೆಂಗ್ರೀ ಅದು? ಟವೆಲ್ ಹಾಕಿದ ಮೇಲೆ ಸೀಟು ನಂದೇ. ಮೊನ್ನೆ ಶಿವಮೊಗ್ಗ ಬಸ್ಸಿನಾಗೆ ನನ್ನ ಟವೆಲ್ ಕಿತ್ತು ಕೂತವರು ನೀವೇ ಅಲ್ವಾ?"

"ನಾನೇ! ಏನೀಗ?"

ಅರ್ಧ ಜನ ಟವೆಲಿನ ಕಡೆ, ಅರ್ಧ ಜನ ಮೊದಲು ಹತ್ತಿದವರ ಕಡೆ. "ಸಾರ್, ಅದು ಮೆದುಳಿನ ಬಸ್ಸು, ಶಿವಮೊಗ್ಗದ್ದಲ್ಲ" ಅಂತ ನಾನು ಅಂಗಲಾಚಿದೆ. ಕೇಳುವವರು ಯಾರು? ಅಷ್ಟರಲ್ಲಿ ಡಾಕ್ಟರು ಬಂದರು. ಇಬ್ಬರನ್ನೂ ಒಳಗೆ ಕೂರಿಸಿ ಬಿಪಿ ನೋಡಿದರೆ ಇಬ್ಬರದೂ ಮೇಲೇರಿತ್ತು. ನನ್ನನ್ನು ದುರುಗುಟ್ಟಿ ನೋಡಿ, ಇಬ್ಬರಿಗೂ ಮಾತ್ರೆ ಬರೆದುಕೊಟ್ಟರು.

ನಾನು ಏರಿಸಿದ ಬಿಪಿಯನ್ನು ಇಳಿಸಿದ ಮಾತ್ರೆ, ನಮ್ಮ ಎದುರಾಳಿ ಕಂಪನಿಯದು.

ಜಗಳೂರು: ಕೊನೆಗೂ ಬರೆದರು

ತಿಂಗಳ ಕೊನೆ ಬಂತು. ಹೊರಡುವಾಗ ನನ್ನವಳು ತಿಂಡಿ ತಟ್ಟೆ ಮುಂದಿಟ್ಟು, "ಕೆಲಸ ಹೋದ್ರೆ ಹೋಗ್ಲಿ ಬಿಡ್ರಿ. ನೀವು ಕಣ್ಣು ಮುಚ್ಚಿ ಮಲಗಿದ್ದನ್ನ ಒಂದ್ಸಲ ನೋಡಿದ್ರೆ ಸಾಕು ನಂಗೆ" ಅಂದಳು. ಉಪ್ಪಿಟ್ಟು ಅರ್ಧಕ್ಕೇ ಬಿಟ್ಟು ಎದ್ದೆ. ಈ ವಯಸ್ಸಿನಲ್ಲಿ ಇನ್ಯಾರು ನನಗೆ ಕೆಲಸ ಕೊಡುತ್ತಾರೆ? ಅಳುವುದೊಂದು ಬಾಕಿ ಇತ್ತು.

ಜಗಳೂರಿನ ಡಾಕ್ಟರು ನೇರ ಮಾತಿನವರು. ಮ್ಯಾನೇಜರ್ ನನ್ನ ಪಕ್ಕದ ಕುರ್ಚಿಯಲ್ಲಿ ಕೂತರು. ನಾನು ಗಾಬಾ, ಬ್ರೇಕು ಅಂತ ಗಿಳಿಪಾಠ ಒಪ್ಪಿಸಿದೆ. ಡಾಕ್ಟರು ಕ್ಯಾಪ್ಸೂಲನ್ನು ನೋಡಲೇ ಇಲ್ಲ, ನನ್ನನ್ನೇ ನೋಡುತ್ತಿದ್ದರು.

"ಕಣ್ಣು ಯಾಕ್ರೀ ಹಿಂಗೆ ಕೆಂಪಗಾಗ್ಯಾವೆ? ನಿದ್ದೆ ಮಾಡ್ತೀರೋ ಇಲ್ವೋ?"

"ಬರ್ತಿಲ್ಲ ಸಾರ್."

"ಮತ್ತೆ ಈ ಕ್ಯಾಪ್ಸೂಲ್ ತಗೊಂಡ್ರೋ ಇಲ್ವೋ?"

ನೋಡಿ ನನ್ನ ಗತಿ! ತಗೊಂಡಿಲ್ಲ ಅಂದರೆ ನನಗೇ ನಂಬಿಕೆ ಇಲ್ಲ ಅಂತಾಯಿತು. ತಗೊಂಡೆ ಅಂದರೆ ಮಾಲು ಕೆಲಸ ಮಾಡುವುದಿಲ್ಲ ಅಂತಾಯಿತು. ಮೇಜಿನ ಕೆಳಗೆ ಮ್ಯಾನೇಜರ್ ನನ್ನ ಕಾಲು ತುಳಿದರು. ಯಾವುದಕ್ಕೆ ತುಳಿದರೋ ಅವರಿಗೂ ಗೊತ್ತಿರಲಿಕ್ಕಿಲ್ಲ. ನಿದ್ದೆಗೆಟ್ಟ ತಲೆ, ನಿಜ ಬಾಯಿಂದ ಜಾರಿಬಿಟ್ಟಿತು.

"ತಗೊಂಡಾಗಿಂದ ಇನ್ನೂ ಜಾಸ್ತಿಯಾಗೈತೆ ಸಾರ್."

ಡಾಕ್ಟರು ಚೀಟಿ ಎಳೆದುಕೊಂಡರು. ಕ್ಯಾಪ್ಸೂಲಿನ ಹೆಸರನ್ನು ದಪ್ಪ ಅಕ್ಷರದಲ್ಲಿ ಬರೆದರು! ಮ್ಯಾನೇಜರ್ ಮುಖ ಅರಳಿತು. ಚೀಟಿ ನನ್ನ ಕೈಗೆ ಬಂತು, ಕೈಮುಗಿದು ಹೊರಗೆ ಬಂದೆವು.

ರಸ್ತೆಯಲ್ಲಿ ನಿಂತು ಓದಿದೆವು. ಮೇಲೆ ರೋಗಿ ಅಂತ ನನ್ನ ಹೆಸರು. ನಡುವೆ ಕ್ಯಾಪ್ಸೂಲಿನ ಹೆಸರು. ಅದರ ಕೆಳಗೆ: "ಇವತ್ತಿನಿಂದಲೇ ನಿಲ್ಲಿಸುವುದು."

ನಾನು ಹೆಗಲಿನಿಂದ ಬ್ಯಾಗು ಇಳಿಸಿ ಮ್ಯಾನೇಜರ್ ಮುಂದೆ ಹಿಡಿದೆ. ಅವರು ತೆಗೆದುಕೊಳ್ಳಲಿಲ್ಲ. ಚೀಟಿಯ ಮೇಲಿನ ಸಾಲನ್ನೂ ಕೆಳಗಿನ ಸಾಲನ್ನೂ ನಾಜೂಕಾಗಿ ಹಿಂದಕ್ಕೆ ಮಡಚಿದರು. ಉಳಿದದ್ದರ ಫೋಟೋ ತೆಗೆದು ಹೆಡ್ ಆಫೀಸಿಗೆ ಕಳಿಸಿದರು.

"ಹೆಸರು ಬರೀಬೇಕು ಅಂದಿದ್ದೆ, ಬರೆದಿದ್ದಾರೆ. ನಿಮ್ಮ ಕೆಲಸ ಉಳೀತು ನಡೀರಿ."

ಬಸ್ ಸ್ಟ್ಯಾಂಡ್ ಮುಟ್ಟುವ ಮೊದಲೇ ಉತ್ತರ ಬಂತು. ಮ್ಯಾನೇಜರ್ ಗಟ್ಟಿಯಾಗಿ ಓದಿದರು: "ಶಹಬ್ಬಾಸ್! ಜಗಳೂರಿನಲ್ಲಿ ಬೇಡಿಕೆ ಹುಟ್ಟಿದೆ. ಮುಂದಿನ ತಿಂಗಳಿಂದ ಈ ರೆಪ್‌ಗೆ ಟಾರ್ಗೆಟ್ ಡಬಲ್. ಆ ರೋಗಿಗೆ ಈಗ ನಿದ್ದೆ ಹೇಗಿದೆ, ವಿಚಾರಿಸಿ ತಿಳಿಸಿ."

ಮ್ಯಾನೇಜರ್ ನನ್ನ ಕಡೆ ತಿರುಗಿ, "ಹೇಗಿದೆ?" ಅಂದರು.

"ಟಾರ್ಗೆಟ್ ಡಬಲ್ ಅಂದ್ರಲ್ಲ ಸಾರ್, ಇನ್ನು ಈ ಜನ್ಮದಾಗೆ ಬರಾಕಿಲ್ಲ" ಅಂದೆ.

ಅವರು ತಲೆಯಾಡಿಸಿ ಟೈಪ್ ಮಾಡಿದರು: "ರೋಗಿ ಆರಾಮಾಗಿ ಮಲಗುತ್ತಿದ್ದಾರೆ."