ಕಾಮರ್ ಲಾರಿಯ ಎಡಗಡೆಯ ಬಾಗಿಲು

ಮೊದಲೇ ಕ್ಷಮೆ ಕೇಳುತ್ತೇನೆ. ನನ್ನ ಅಕ್ಷರ ದುಂಡಗಿಲ್ಲ. ಹತ್ತನೆಯ ಇಯತ್ತೆಗೇ ಸಾಲೆ ಬಿಟ್ಟವಳಾದ್ದರಿಂದ ಶಬ್ದಗಳೂ ಕಡಿಮೆ. ಹಾಳೆಯ ಮೂಲೆಯಲ್ಲಿರುವ ಕಪ್ಪು ಗುರುತು ಶಾಯಿಯದಲ್ಲ, ಗ್ರೀಸಿನದು. ಎಷ್ಟು ಸಾಬೂನು ಹಚ್ಚಿದರೂ ಬೆರಳು ಬಿಟ್ಟಿಲ್ಲ. (ಸಾಬೂನಿನ ಮಾತು ಮುಂದೆ ಬರುತ್ತದೆ. ಬರಬಾರದಿತ್ತು, ಆದರೂ ಬರುತ್ತದೆ.)

ತುಕ್ಕಾನಟ್ಟಿಯ ನಮ್ಮ ಹಿತ್ತಲಿನಲ್ಲಿ ಒಂದು ಕಾಮರ್ ಲಾರಿ ಇದೆ. ಅದು ಹುಟ್ಟಿದ್ದು ಇಂಗ್ಲೆಂಡಿನಲ್ಲಿ, ದುಡಿದದ್ದು ಬೆಲ್ಲ ಹೊತ್ತು ಕೊಲ್ಲಾಪುರದ ದಾರಿಯಲ್ಲಿ. ಓಡಿಸುತ್ತಿದ್ದವನು ನಮ್ಮಜ್ಜ ಶಿದ್ಲಿಂಗಪ್ಪ. ಅಂಥ ಲಾರಿ ಈಗ ಎಲ್ಲೂ ಸಿಗುವುದಿಲ್ಲವಂತೆ. ನಮ್ಮಲ್ಲಿ ಸಿಗುತ್ತಿತ್ತು, ಆದರೆ ಒಂದೇ ಕಡೆ ಸಿಗುತ್ತಿರಲಿಲ್ಲ.

ಏಕೆಂದರೆ ನಾನು ಹುಟ್ಟುವ ಮೊದಲೇ ಅದು ನಿಂತುಹೋಗಿತ್ತು, ಅಂದಿನಿಂದ ನಮ್ಮ ಮನೆ ಅದನ್ನು ಅಂಗಾಂಗವಾಗಿ ತಿನ್ನುತ್ತ ಬಂದಿತ್ತು. ಹೆಡ್‌ಲೈಟಿನ ಹೊಳೆಯುವ ಬಟ್ಟಲು ದೇವರ ದೀಪದ ಹಿಂದೆ ಕೂತಿತ್ತು. ಮುಂದಿನ ಜಾಳಿಗೆ ಅಡುಗೆಮನೆಯ ಕಿಟಕಿಯಾಗಿತ್ತು. ಸ್ಟೇರಿಂಗು ತೊಲೆಗೆ ನೇತುಬಿದ್ದು ಸೌಟುಗಳನ್ನು ಹೊತ್ತಿತ್ತು. ಸೀಟು ಪಡಸಾಲೆಯಲ್ಲಿ ಬೀಗರ ಸಿಂಹಾಸನವಾಗಿತ್ತು. (ಅನ್ನಪೂರ್ಣಾ ಅತ್ತೆಯನ್ನು ನೋಡಲು ಬಂದ ವರನಿಗೆ ಅದರ ಸ್ಪ್ರಿಂಗು ಚುಚ್ಚಿ ಆತ ಥಟ್ಟನೆ ಎದ್ದು ನಿಂತನಂತೆ. ಹೆಣ್ಣು ಒಪ್ಪಿಗೆಯಾಯಿತೆಂದು ಎಲ್ಲರೂ ಸಕ್ಕರೆ ಹಂಚಿಬಿಟ್ಟರು.) ಎಂಜಿನ್ ತಿರುವುವ ಹ್ಯಾಂಡಲು ಅದೇ ಅತ್ತೆಯ ಜೊತೆ ಹುಕ್ಕೇರಿಗೆ ಹೋಗಿ ಅವಳ ಮನೆಯ ಬಾಗಿಲಿಗೆ ಅಗಳಿಯಾಗಿತ್ತು. ಎಡಗಡೆಯ ಬಾಗಿಲು ಅಂಗಳದ ಬಚ್ಚಲಿಗೆ ಬಾಗಿಲಾಗಿತ್ತು.

ಈ ಸಲ ಅಪ್ಪ ಅದನ್ನು ಗುಜರಿಗೆ ಹಾಕಲು ಹೊರಟ. ಅಷ್ಟರಲ್ಲಿ ಸಂಕೇಶ್ವರದಲ್ಲಿ ಹಳೆಯ ವಾಹನಗಳ ಪ್ರದರ್ಶನವಿದೆ ಎಂದು ಸುದ್ದಿ ಬಂತು. ಲಾರಿ ತನ್ನ ಗಾಲಿಯ ಮೇಲೆ ತಾನೇ ಬರಬೇಕು, ಮೈಮೇಲೆ ತನ್ನದೇ ಭಾಗಗಳಿರಬೇಕು. ಆರಿಸಿದರೆ ಮುಂದಿನ ಜೋಪಾನಕ್ಕೆ ಪ್ರದರ್ಶನ ನಡೆಸುವ ಸಂಘದವರು ನೆರವಾಗುತ್ತಾರೆ.

"ಆರಿಸಿದ್ರ ಇಟ್ಕೊಳ್ಳೂಣು. ಇಲ್ಲಂದ್ರ ಸೋಮವಾರ ಗುಜರಿಗೆ," ಎಂದ ಅಪ್ಪ.

ಮಾತೇ ಆಡದ ನಾನು ಬಾಯಿ ಬಿಟ್ಟೆ. "ನಾ ಜೋಡಸ್ತೇನಿ."

"ಸಾಲ್ಯಾಗ ಲೆಕ್ಕಾ ಜೋಡಸಾಕ ಬರ್ಲಿಲ್ಲ, ಲಾರಿ ಜೋಡಸ್ತಾಳಂತ ಲಾರಿ!" ಎಂದಳು ಅವ್ವ.

"ಜೋಡಸ್ಲಿ ಬಿಡವಾ," ಎಂದ ಅಜ್ಜ. "ಲಾರಿ ಎದ್ದು ನಿಂತ್ರ ನನ್ನ ಬಾಜೂ ಸೀಟ ದೀಪಾಂದು. ಮತ್ಯಾರನ್ನೂ ಕುಂಡ್ರಸಂಗಿಲ್ಲ."

ಗೋಕಾಕದಿಂದ ಮೌಲಾಅಲಿ ಕಾಕಾ ಬಂದರು. ದೊಡ್ಡ ಮಿಸ್ತ್ರಿ. ಏನು ಕೇಳಿದರೂ "ಆಗ್ತೈತಿ" ಎನ್ನುವರು. ಆಗದಿದ್ದಾಗ ಇನ್ನೂ ಜೋರಾಗಿ ಎನ್ನುವರು. ಅವರು ಎಂಜಿನ್ನಿನೊಳಗೆ ತಲೆ ಹಾಕಿದರು, ನಾನು ಮನೆಯೊಳಗೆ ಸ್ಪ್ಯಾನರ್ ಹಿಡಿದು ಹೊಕ್ಕೆ.

ಲಾರಿ ಜೋಡಣೆಯಾದಂತೆಲ್ಲ ಮನೆ ಬಿಚ್ಚಿಕೊಳ್ಳತೊಡಗಿತು. ಕಿಟಕಿ ಹೋದ ಅಡುಗೆಮನೆಗೆ ಬೆಕ್ಕು ರಾಜಮಾರ್ಗದಿಂದಲೇ ಬಂದು ಹಾಲು ಕುಡಿಯಿತು. ಸೌಟುಗಳು ನೆಲಕ್ಕೆ ಬಂದವು. ದೇವರು ಮಬ್ಬಾದ.

"ಇನ್ನ ಸ್ವಲ್ಪ ದಿನಾ ಬಿಟ್ರ ನನ್ನ ಕೈಕಾಲೂ ಬಿಚ್ಚಿ ಅದಕ್ಕ ಹಚ್ತೀಯೇನ?" ಎಂದಳು ಅವ್ವ.

ನಾನು ವಿಚಾರ ಮಾಡಿಯೇ ಹೇಳಿದೆ. "ಇಲ್ಲಬೇ, ನಟ್ಟು ಹೊಂದಂಗಿಲ್ಲ."

ಆಗ ಅವಳು ಎಸೆದದ್ದು ಸೌಟು. ಹೇಗೂ ಕೆಳಗೇ ಇತ್ತಲ್ಲ.

ನಾನು ಬಹಳ ಎಚ್ಚರಿಕೆಯ ಹುಡುಗಿ. ಯಾರಿಗೂ ತ್ರಾಸಾಗಬಾರದೆಂದು ಒಂದು ನಿಯಮ ಮಾಡಿದೆ. "ಕಾಕಾ, ಬಚ್ಚಲ ಬಾಗ್ಲಾ ಎಲ್ಲಾಕಿಂತ ಕಡೀಕ. ಎಲ್ಲಾರ್ದೂ ಜಳಕಾ ಆದ ಮ್ಯಾಲ."

"ಆಗ್ತೈತಿ."

ಒಂದೇ ಎಳೆತಕ್ಕೆ ಕಳಚಿ ಬರಲೆಂದು ತಿರುಗಣಿಗೆ ಗ್ರೀಸನ್ನೂ ಹಚ್ಚಿಟ್ಟೆ. ನನ್ನ ದೂರದೃಷ್ಟಿಗೆ ನಾನೇ ಮೆಚ್ಚಿಕೊಂಡೆ.

ರವಿವಾರ ಮುಂಜಾನೆ ಅತ್ತೆ ಹುಕ್ಕೇರಿಯಿಂದ ಹ್ಯಾಂಡಲು ಹಿಡಿದು ಬಂದಳು. ಸೆರಗು ಕಟ್ಟಿ ತಾನೇ ತಿರುವಿದಳು. ಲಾರಿ ಕೆಮ್ಮಿತು, ನರಳಿತು, ಒಮ್ಮೆಲೇ ಗುಡುಗಿತು. ಅಜ್ಜ ಕಣ್ಣೊರೆಸಿಕೊಂಡ. ನಾನು ಹೊಗೆ ಕೊಳವೆಯ ಎದುರಿಗೇ ನಿಂತಿದ್ದೆ. ಅಷ್ಟು ವರ್ಷ ಒಳಗೆ ಕೂಡಿಟ್ಟ ಮಸಿಯನ್ನೆಲ್ಲ ಲಾರಿ ನನ್ನ ಮೇಲೆ ಉಗುಳಿತು.

ಸಂಕೇಶ್ವರಕ್ಕೆ ಹೀಗೆ ಹೋಗುವುದು ಹೇಗೆ? ಬಚ್ಚಲಿಗೆ ಓಡಿದೆ. ಹೊಸ ಹಳದಿ ಚೂಡಿದಾರ ಮುದುಡಬಾರದೆಂದು ಬಾಗಿಲಿನ ಒಳಗಿನ ಹಿಡಿಕೆಗೆ ನೀಟಾಗಿ ಸಿಕ್ಕಿಸಿದೆ. ಮಸಿ ಹಿಡಿದ ಅರಿವೆಯನ್ನು ನೀರಿನಲ್ಲಿ ನೆನೆಹಾಕಿ ತಲೆತುಂಬ ಸಾಬೂನು ಹಚ್ಚಿದೆ.

"ದೀಪವ್ವಾ! ಬಾಗ್ಲಾ ಬೇಕ!" ಕಾಕಾ ಕೂಗಿದರು.

"ಸಾಬೂನ ಹಚ್ಚೇನ್ರಿ!"

"ಎಂಜಿನ್ ಬಂದ ಮಾಡಿದ್ರ ಮತ್ತ ಚಾಲೂ ಆಗಂಗಿಲ್ಲ!" ಇದು ಅಜ್ಜ. "ಹೊತ್ತಾದ್ರ ಅಲ್ಲಿ ಒಳಗ ಬಿಡಂಗಿಲ್ಲಬೇ!"

"ಒಂದ ಬಾಗ್ಲಾ ಇರ್ಲಿಲ್ಲಂದ್ರ ಏನಾಗ್ತೈತ್ರಿ?"

"ಗುಜರಿ ಆಗ್ತೈತಿ!" ಎಂದ ಅಪ್ಪ.

ಒಂದು ಕಡೆ ನನ್ನ ಮಾನ, ಇನ್ನೊಂದು ಕಡೆ ಅಜ್ಜನ ಲಾರಿ. ನಾನು ಹಂಡೆಯ ಹಿಂದೆ ಅಡಗಿ ಕುಳಿತೆ. "ಕಾಕಾ, ಮಾರಿ ಆ ಕಡೆ ಮಾಡಿ ಒಯ್ರಿ."

"ಆಗ್ತೈತಿ!"

ಗ್ರೀಸು ಬಹಳ ಚೆನ್ನಾಗಿ ಕೆಲಸ ಮಾಡಿತು. ಒಂದೇ ಎಳೆತ. ಬಾಗಿಲು ಹೋಯಿತು, ಬಾಗಿಲಿನ ಜೊತೆ ಚೂಡಿದಾರವೂ ಹೋಯಿತು. ನಾನು ಕೂಗಿದ್ದು ಎಂಜಿನ್ನಿನ ಸದ್ದಿನಲ್ಲಿ ಯಾರಿಗೂ ಕೇಳಲಿಲ್ಲ. ನಾನು ಹಿಂದೆ ಹತ್ತಿರಬೇಕೆಂದು ಮುಂದಿನವರು, ಮುಂದೆ ಕುಳಿತಿರಬೇಕೆಂದು ಹಿಂದಿನವರು ತಿಳಿದು ಎಲ್ಲರೂ ಹೊರಟೇಬಿಟ್ಟರು.

ಲಾರಿ ನೋಡಲು ಬಂದಿದ್ದ ಊರ ಜನ ಮಾತ್ರ ಹೋಗಲಿಲ್ಲ. ಅಂಗಳದಲ್ಲೇ ನಿಂತು ಲಾರಿ ಘಟಪ್ರಭೆ ದಾಟೀತೋ ಇಲ್ಲವೋ ಎಂದು ವಾದ ಮಾಡಿದರು. ನಾನು ಹಂಡೆಯ ಹಿಂದಿನಿಂದ ಏಳುವಂತಿರಲಿಲ್ಲ, ನನ್ನ ತಲೆಯ ಸಾಬೂನು ಅಲ್ಲೇ ಒಣಗಿ ಬಿರುಕು ಬಿಟ್ಟಿತು. ಕೊನೆಗೆ ನಸೀಮಾಬಿ ಕಾಕಿ, ಲಾರಿ ನೋಡಲೆಂದು ಗೋಕಾಕದಿಂದ ಬಂದಿದ್ದ ಮೌಲಾಅಲಿ ಕಾಕಾರ ಹೆಂಡತಿ, ನನ್ನ ಕ್ಷೀಣ ದನಿ ಕೇಳಿ ಜನರನ್ನು ಓಡಿಸಿ ಒಂದು ಕೌದಿ ತಂದು ಹೊದಿಸಿದಳು. "ಅಯ್ಯ ನನ್ನ ಕೂಸ, ಲಾರಿ ಜೋಡಿಸಿ ನೀನs ಬಿಚ್ಚಿ ಹ್ವಾದೆಲ್ಲs!"

ಸಂಜೆ ಲಾರಿ ಹಾರ ಹಾಕಿಕೊಂಡು ಮರಳಿತು. ಆರಿಸಿದ್ದರು. ಅಪ್ಪ "ನಮ್ಮ ಲಾರಿ, ನಮ್ಮ ಲಾರಿ" ಎಂದು ಊರಿಗೆಲ್ಲ ಹೇಳುತ್ತಿದ್ದ. ಗುಜರಿಯ ಮಾತನ್ನು ಯಾರೋ ಬೇರೆಯವರು ಆಡಿದ್ದಂತೆ.

ಅತ್ತೆ ಫೋನಿನಲ್ಲಿ ಫೋಟೋ ತೋರಿಸಿದಳು. ಸ್ಟೇರಿಂಗ್ ಹಿಡಿದ ಅಜ್ಜ. ಅವನ ಬಾಜೂ ಸೀಟಿನಲ್ಲಿ, ಕಾಲು ಚಾಚಿ, ಕೈ ಮಡಚಿ ಕುಳಿತಿತ್ತು ನನ್ನ ಹಳದಿ ಚೂಡಿದಾರ. ಎದೆಗೆ ಸಂಘದವರ ಕೆಂಪು ಬಿಲ್ಲೆ.

"ನಾ ಕುಂಡರ್ತೇನಿ ಅಂದ್ರ ನಿಮ್ಮಜ್ಜ ಬಿಡಲಿಲ್ಲ," ಅತ್ತೆಗೆ ಇನ್ನೂ ಸಿಟ್ಟಿತ್ತು.

"ಮಾತ ಕೊಟ್ಟಿದ್ನೆಲ್ಲs," ಎಂದ ಅಜ್ಜ. "ನೀ ಇಲ್ಲಂತ ಗೊತ್ತಾದಾಗ ಹೊಳ್ಳಸಾಕ ಬರಂಗಿರ್ಲಿಲ್ಲ. ಲಾರಿ ಜೋಡಿಸಿದಾಕಿ ಯಾರಂತ ಕೇಳಿದ್ರು, ತೋರ್ಸಿದ್ನಿ. ಎಲ್ಲಾರೂ ಚಪ್ಪಾಳಿ ಹೊಡದ್ರು ನೋಡ."

ಇನ್ನು ಮೇಲೆ ಲಾರಿಯಿಂದ ಒಂದು ಮೊಳೆಯನ್ನೂ ತೆಗೆಯಬಾರದೆಂದು ಸಂಘದವರು ಹೇಳಿ ಕಳಿಸಿದ್ದಾರೆ. ನಾನು ನಾಳೆ ಮೂಡಲಗಿಗೆ ಹೋಗಿ ಬಚ್ಚಲಿಗೊಂದು ತಗಡಿನ ಬಾಗಿಲು ತರುತ್ತೇನೆ. ಅರಿವೆ ಸಿಕ್ಕಿಸಲು ಗೋಡೆಗೆ ಒಂದು ಗೂಟ ಹೊಡೆಯುತ್ತೇನೆ.